ಬಲಗಡೆ ನನ್ನದು

ಜೂನ್ ೧, ಭಾನುವಾರ

ಈ ವಾರ ಕಾರು ನಮ್ಮಲ್ಲಿಗೆ ಬಂತು. ಹಲ್ಲು ಡಾಕ್ಟರು ಮಹಾಶಯರು ಎಂದಿನಂತೆ ತಡವಾಗಿ ತಂದರು, ಎಂದಿನಂತೆ ಗೇಟಿನ ಮುಂದೆ ಬೇಡದ ಹಾರ್ನ್ ಹೊಡೆದರು, ಕೀಲಿಕೈಯನ್ನು ನನ್ನ ಕೈಗೆ ಕೊಡದೆ ಬಾನೆಟ್ ಮೇಲೆ ಇಟ್ಟರು. ಬಣ್ಣಕ್ಕೆ ಗೀರು ಬೀಳುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ದಿನವಿಡೀ ಕಂಡವರ ಬಾಯಿಗೆ ಕೊಕ್ಕೆ ಹಾಕಿ ಕೆರೆಯುವವರಿಗೆ ಗೀರು ಅಂದರೆ ಲೆಕ್ಕವೇ ಇಲ್ಲ.

ನಮ್ಮಿಬ್ಬರ ನಂಟು ಇಷ್ಟೇ: ಅಕ್ಕನನ್ನು ನಾನು ಮದುವೆಯಾದೆ, ತಂಗಿಯನ್ನು ಅವರು. ಷಡ್ಡಕರು. ಅವರ ಮದುವೆಯ ಫೋಟೋದಲ್ಲಿ ಬಿಟ್ಟರೆ ನಾವು ಅಕ್ಕಪಕ್ಕ ನಿಂತದ್ದಿಲ್ಲ. ಆ ಫೋಟೋಗೆ ಚೌಕಟ್ಟು ಹಾಕಿದವನೂ ನಾನೇ. ಊರಿನವರ ಫೋಟೋಗಳಿಗೆಲ್ಲ ಚೌಕಟ್ಟು ಹಾಕುವುದೇ ನನ್ನ ಅಂಗಡಿಯ ಕೆಲಸ. ಅವರ ಒಂದು ಭುಜ ಚೌಕಟ್ಟಿನೊಳಗೆ ಹೋಗಿಬಿಟ್ಟಿದೆ. ಬೇಕೆಂದು ಮಾಡಿದ್ದಲ್ಲ.

ಮಾವನಿಗೆ ಕಳೆದ ವರ್ಷ ಕಣ್ಣು ಮಂಜಾದಾಗ ಕಾರು ಓಡಿಸುವುದನ್ನು ಬಿಡಬೇಕಾಯಿತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ನನ್ನ ಹೆಂಡತಿ ಹುಟ್ಟುವ ಮೊದಲೇ ಕೊಂಡದ್ದು. ಅದನ್ನು ಇಬ್ಬರು ಅಳಿಯಂದಿರಿಗೂ ಸಮಪಾಲು ಎಂದು ಕೊಟ್ಟರು. ಹೆಣ್ಣುಮಕ್ಕಳಿಗೆ ಯಾಕೆ ಕೊಡಲಿಲ್ಲ ಎಂದು ಇವಳು ಕೇಳಿದ್ದಕ್ಕೆ, "ನಿಮಗೆ ಬೇರೆ ಕೆಲಸ ಇದೆ" ಅಂದರು. ಒಂದು ವಾರ ನನ್ನಲ್ಲಿ, ಒಂದು ವಾರ ಅವರಲ್ಲಿ. ಒರೆಸುವ ಬಟ್ಟೆಯಿಂದ ಹಿಡಿದು ಟಯರಿನ ಗಾಳಿಯವರೆಗೆ ಜಗಳ. ಸಾಕಾಗಿ ಹೋಗಿ ಮಾವ ಒಂದು ದಿನ, "ಎಡಗಡೆ ಅವನದು, ಬಲಗಡೆ ನಿನ್ನದು, ಇನ್ನು ನನ್ನ ತಲೆ ತಿನ್ಬೇಡಿ" ಅಂದುಬಿಟ್ಟರು. ಅದು ತಮಾಷೆಗೆ ಅಂದ ಮಾತು ಎಂದು ಇವಳ ಅಭಿಪ್ರಾಯ. ನಾವಿಬ್ಬರೂ ಶಿಸ್ತಾಗಿ ಪಾಲಿಸುತ್ತಿದ್ದೇವೆ. ಸ್ಟೀರಿಂಗು ನನ್ನ ಪಾಲಿಗೆ ಬಂತು. ಪೆಟ್ರೋಲ್ ಮುಚ್ಚಳ, ಸೈಲೆನ್ಸರ್ ಕೊಳವೆ ಎರಡೂ ಅವರ ಕಡೆ. ಅಂದರೆ ಕಾರು ತಿನ್ನುವುದೂ ಬಿಡುವುದೂ ಅವರ ಪಾಲಿಗೆ. ತೊಳೆಯುವಾಗ ನಾನು ಬಾನೆಟ್ಟಿನ ನಟ್ಟನಡುವಿನವರೆಗೆ ತೊಳೆದು ಬಟ್ಟೆ ಹಿಂಡಿಬಿಡುತ್ತೇನೆ. ಇವತ್ತೂ ಹಾಗೇ ಮಾಡಿದೆ.

ಮಾವ ಗುರುವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಮಾರನೆಯ ದಿನವೇ ಆಪರೇಷನ್ ಆಗಿ ಬಲಗಡೆ ಹೊಸ ಕೀಲು ಕೂರಿಸಿದ್ದಾರೆ. ಮಂಪರು ಇಳಿದ ಕೂಡಲೇ ಅವರು ಆಡಿದ ಮೊದಲ ಮಾತು: "ನಾನು ಮನೆಗೆ ಬರೋದು ನನ್ನ ಕಾರಲ್ಲೇ. ಆಸ್ಪತ್ರೆ ಇಳಿಜಾರು ಗೊತ್ತಲ್ಲ, ಬ್ರೇಕ್ ನೋಡಿಡಿ." ಇಬ್ಬರ ಮುಖವನ್ನೂ ನೋಡಿ ಹೇಳಿದರು. ಯಾರು ಕರೆತರಬೇಕು ಎಂದು ಮಾತ್ರ ಹೇಳಲಿಲ್ಲ. ಹಿರಿಯ ಅಳಿಯ ನಾನು. ಹೇಳುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ.

ಇದನ್ನೆಲ್ಲ ಇವಳ ಹತ್ತಿರ ಆಡಿಕೊಂಡರೆ ತಂಗಿಗೆ ತಲುಪುತ್ತದೆ, ತಂಗಿಯಿಂದ ಅವರಿಗೆ. ಹಾಗಾಗಿ ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ಜೂನ್ ೨, ಸೋಮವಾರ

ಮುಂದಿನ ಬಲ ಚಕ್ರ ಬಿಚ್ಚಿದೆ. ಒಳಗೆ ಊಟದ ತಟ್ಟೆಯಂಥ ಕಬ್ಬಿಣದ ಬಿಲ್ಲೆ, ಅದೇ ಡಿಸ್ಕು. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಹಿಡಿದು ಹಿಡಿದು ಅದು ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗಾದರೆ ಬದಲಾಯಿಸಬೇಕು ಎಂಬ ಅಂಕಿಯನ್ನು ಅದರ ಮೇಲೆಯೇ ಕೆತ್ತಿರುತ್ತಾರೆ, ವಾದಕ್ಕೆ ಜಾಗವಿಲ್ಲದ ಹಾಗೆ.

ದಪ್ಪ ಅಳೆಯಲು ಅಂಗಡಿಯ ವರ್ನಿಯರ್ ತಂದು ಅಂಚಿನಲ್ಲಿ ಹಿಡಿದು ಅಳೆದೆ. ಅಳತೆ ಯಾವಾಗಲೂ ಅಂಚಿನಿಂದ, ನಮ್ಮ ಕಸುಬಿನಲ್ಲಿ ಕಲಿಸುವ ಮೊದಲ ಪಾಠವೇ ಅದು. ಕೆತ್ತಿದ ಅಂಕಿಗಿಂತ ಧಾರಾಳ ಮೇಲಿದೆ. ಇಷ್ಟು ವರ್ಷ ಮಾವ ಒತ್ತಿದ ಬ್ರೇಕನ್ನೆಲ್ಲ ತಿಂದುಕೊಂಡು ಕೂತ ಮೂಲ ಡಿಸ್ಕು, ಇನ್ನೂ ಗಟ್ಟಿಮುಟ್ಟಾಗಿದೆ. ಎಡಗಡೆಯದನ್ನು ಬಿಚ್ಚಲಿಲ್ಲ. ನನಗೆ ಸಂಬಂಧಿಸಿದ್ದಲ್ಲ.

ಮಧ್ಯಾಹ್ನ ಡಾಕ್ಟರ ಫೋನು. "ಭಾವ, ಪೆಡಲ್ ನಡುಗ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ? ಎರಡೂ ಡಿಸ್ಕ್ ಬದಲಾಯಿಸಿಬಿಡೋಣ. ಮಾವನ್ನ ಕೂರಿಸ್ಕೊಂಡು ಆ ಇಳಿಜಾರು ಇಳೀಬೇಕು."

"ನಾನು ಅಳೆದಿದೀನಿ ಡಾಕ್ಟ್ರೇ. ನೀವು ಅಳೆದಿದೀರಾ?"

"ಅಳತೆ ಬೇಡ, ಕಾಲಿಗೆ ಗೊತ್ತಾಗತ್ತೆ."

ಕಾಲಿಗೆ ಗೊತ್ತಾಗುತ್ತದಂತೆ. ಕಾಲಿಗೆ ಗೊತ್ತಾಗುವುದಾದರೆ ವರ್ನಿಯರ್ ಯಾಕೆ ಮಾಡುತ್ತಿದ್ದರು?

ಜೂನ್ ೪, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ಮಾವ ಮೂರು ದಿಂಬಿಗೆ ಒರಗಿಕೊಂಡು ಪಕ್ಕದ ಹಾಸಿಗೆಯವರಿಗೆ ಕಾರಿನ ಕಥೆ ಹೇಳುತ್ತಿದ್ದರು. ನನ್ನನ್ನು ಕಂಡು, "ಹಿಡಿತ ಬಿಟ್ಟು ನೋಡಿದ್ಯಾ?" ಅಂದರು. ಅದು ಅವರ ಹಳೆಯ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನಿಂದ ಕೈ ಎತ್ತಿ ಬ್ರೇಕ್ ಒತ್ತಬೇಕು. ಕಾರು ಗೆರೆ ಎಳೆದ ಹಾಗೆ ನೇರ ನಿಂತರೆ ಪಾಸು. ನೋಡಿದೆ, ನೇರವಾಗಿ ನಿಂತಿತು ಅಂದೆ. ಪೆಡಲು ಚೂರು ನಡುಗಿದ್ದನ್ನು ಹೇಳಲಿಲ್ಲ. ಹಳೆಯ ಕಾರು, ನಡುಗದೆ ಇನ್ನೇನು? ಮಾವನ ಕೈಯೂ ನಡುಗುತ್ತದೆ.

ಹೊರಡುವಾಗ ಕೈ ಮುಟ್ಟಿದೆ. ಬಿಸಿ ಇತ್ತು.

ಜೂನ್ ೫, ಗುರುವಾರ

ಮಾವನಿಗೆ ಜ್ವರ. ಗಾಯದ ಹತ್ತಿರ ಕೀವಾಗಿರಬಹುದು ಅನ್ನುತ್ತಾರೆ.

ಡಿಸ್ಕು ಮತ್ತೆ ಅಳೆದೆ. ಅಷ್ಟೇ ಇದೆ.

ಜೂನ್ ೮, ಭಾನುವಾರ

ಕಾರು ಒಪ್ಪಿಸುವ ದಿನ. ದಿನವೂ ಅಳೆದಿದ್ದೇನೆ, ಕೂದಲೆಳೆಯಷ್ಟೂ ಸವೆದಿಲ್ಲ. ಇಂಥ ಕಬ್ಬಿಣ ಈಗ ಬರುವುದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ದಿನಾ ಓಡಿಸುವ ವಸ್ತು ಸವೆಯುತ್ತಿಲ್ಲ ಅಂದರೆ ನಿಮಗೆ ಅನುಮಾನ ಬರಲ್ವಾ ಎಂದು ಕೇಳಿದರು. ಅನುಮಾನ ಪಡುವುದು ನನ್ನ ಸ್ವಭಾವವಲ್ಲ.

"ನನ್ನ ವಾರದಲ್ಲಿ ನಾನು ಡಿಸ್ಕ್ ಹಾಕಿಸ್ತೀನಿ" ಅಂದರು.

"ನಿಮ್ಮ ಕಡೆ ಏನಾದ್ರೂ ಮಾಡ್ಕೊಳ್ಳಿ. ನನ್ನ ಕಡೆ ಬೆರಳು ಸೋಕಿಸಿದ್ರೆ ಸರಿ ಇರಲ್ಲ."

"ಆಯ್ತು, ನಿಮ್ಮ ಕಡೆ ಮುಟ್ಟಲ್ಲ."

ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಗೆದ್ದೆ ಎನ್ನಬೇಕು.

ಜೂನ್ ೧೧, ಬುಧವಾರ

ಇವಳ ತಂಗಿಯಿಂದ ಸುದ್ದಿ ಬಂತು: ಮಹಾಶಯರು ನಿಜವಾಗಿಯೂ ಎಡಗಡೆಗೆ ಮಾತ್ರ ಹೊಸ ಡಿಸ್ಕು ಹಾಕಿಸಿದ್ದಾರೆ. ಗ್ಯಾರೇಜಿನವನು, "ಸ್ವಾಮಿ, ಇದು ಯಾವಾಗಲೂ ಜೋಡಿ ಹಾಕೋದು" ಅಂದನಂತೆ. ಇವರು, "ಆ ಕಡೆಯದು ನನ್ನದಲ್ಲ" ಅಂದರಂತೆ. ಹಲ್ಲು ಒಂದು ಕೆಟ್ಟರೆ ಒಂದೇ ಕೀಳುವ ಅಭ್ಯಾಸ, ಕಾರಿಗೂ ಅದನ್ನೇ ಮಾಡಿದ್ದಾರೆ. ಚಹಾ ಕುಡಿಯುತ್ತಾ ಚೆನ್ನಾಗಿ ನಕ್ಕೆ. ಇವಳು ನಗಲಿಲ್ಲ. "ಅಪ್ಪ ಜ್ವರದಲ್ಲಿ ಮಲಗಿದಾರೆ, ನೀವಿಬ್ಬರೂ ಕಾರನ್ನ ಸೀಳ್ಕೊಂಡು ಕೂತಿದೀರಿ" ಅಂದಳು.

ಸಂಜೆ ಆಸ್ಪತ್ರೆಯಲ್ಲಿ ಮಾವ ಕಣ್ಣು ಬಿಡಲಿಲ್ಲ. ತುಟಿ ಒಣಗಿತ್ತು. ನರ್ಸಮ್ಮ ಒದ್ದೆ ಹತ್ತಿಯಲ್ಲಿ ಒರೆಸುತ್ತಿದ್ದರು. ನನಗೆ ಹೆದರಿಕೆಯಾಯಿತು. ಹೊರಗೆ ಬೆಂಚಿನಲ್ಲಿ ಕೂತಾಗ ನಮ್ಮ ಹಲ್ಲು ಡಾಕ್ಟರು ಬಂದು ಪಕ್ಕದಲ್ಲೇ ಕೂತರು. ಕೈಯಲ್ಲಿ ಎರಡು ಕಾಗದದ ಲೋಟ. ಒಂದನ್ನು ಕೊಟ್ಟರು. ಚಹಾಕ್ಕೆ ಸಕ್ಕರೆ ಸರಿಯಾಗಿ ಹಾಕಿಸಿದ್ದರು. ನಾನು ಕಮ್ಮಿ ಸಕ್ಕರೆಯವನು ಎಂದು ಅವರಿಗೆ ಹೇಗೆ ಗೊತ್ತೋ.

ಜೂನ್ ೧೩, ಶುಕ್ರವಾರ

ಜ್ವರ ಹಾಗೇ ಇದೆ. ಔಷಧಿ ಬದಲಾಯಿಸಿದ್ದಾರೆ. ಬೆಂಚು, ಚಹಾ.

ಜೂನ್ ೧೫, ಭಾನುವಾರ

ಕಾರು ಬಂತು. ಇವತ್ತು ಕೀಲಿಕೈ ನನ್ನ ಕೈಗೇ ಕೊಟ್ಟರು. ಗೊಂದಲದಲ್ಲಿ ನಾನೇ ಅದನ್ನು ಬಾನೆಟ್ ಮೇಲೆ ಇಟ್ಟೆ.

ಒಬ್ಬನೇ ಹೊರವರ್ತುಲ ರಸ್ತೆಗೆ ಹೋಗಿ ಮಾವನ ಪರೀಕ್ಷೆ ಮಾಡಿದೆ. ಕೈ ಎತ್ತಿ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಹೊರಳಿತು, ಯಾರೋ ಕರೆದ ಹಾಗೆ. ಹೊಸ ಡಿಸ್ಕು ಗಪ್ಪೆಂದು ಹಿಡಿಯುತ್ತದೆ, ನನ್ನದು ನಿಧಾನಕ್ಕೆ ಯೋಚಿಸಿ ಹಿಡಿಯುತ್ತದೆ. ಇದರಲ್ಲಿ ನನ್ನ ಡಿಸ್ಕಿನ ತಪ್ಪೇನೂ ಇಲ್ಲ. ರಸ್ತೆಯೇ ಎಡಕ್ಕೆ ಇಳಿಜಾರಾಗಿದೆ. ಸ್ಟೀರಿಂಗನ್ನು ಚೂರು ಬಲಕ್ಕೆ ಎಳೆದು ಹಿಡಿದರೆ ಆಯಿತು.

ಬರುತ್ತಾ ಇವಳನ್ನು ತರಕಾರಿ ಅಂಗಡಿಯಿಂದ ಹತ್ತಿಸಿಕೊಂಡೆ. ಮೊದಲ ಸಿಗ್ನಲ್ಲಿನಲ್ಲೇ ಇಳಿದು, ಚೀಲ ಹೊತ್ತುಕೊಂಡು ನಡೆದೇ ಬಂದಳು. ನನಗಿಂತ ಮೊದಲು ಮನೆ ಸೇರಿದ್ದಳು ಎಂಬುದು ಬೇರೆ ಮಾತು; ನಾನು ನಿಧಾನವಾಗಿ ಬಂದೆ.

ಜೂನ್ ೧೭, ಮಂಗಳವಾರ

ಇವತ್ತಿನದು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಇವಳದು ಸಸಿ ಮಾರುವ ನರ್ಸರಿ. ಮಧ್ಯಾಹ್ನ ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಕಾರಿನಲ್ಲಿ ಹೋದೆ. ಗೇಟಿನೊಳಗೆ ತಿರುಗಿದ ಕೂಡಲೇ ಒಂದು ಬೆಕ್ಕು ಅಡ್ಡ ಬಂತು. ಗಾಬರಿಯಲ್ಲಿ ಪೂರ್ತಿ ಬ್ರೇಕ್ ಒತ್ತಿದೆ. ಬಲಕ್ಕೆ ಎಳೆದು ಹಿಡಿಯುವುದು ಗಾಬರಿಯಲ್ಲಿ ಮರೆತುಹೋಯಿತು. ಕಾರು ಎಡಕ್ಕೆ ನುಗ್ಗಿ, ಸಾಲಾಗಿ ಜೋಡಿಸಿದ್ದ ಮಣ್ಣಿನ ಕುಂಡಗಳ ಮೇಲೆ ಹತ್ತಿ ನಿಂತಿತು. ಬೆಕ್ಕು ಗೋಡೆಯ ಮೇಲೆ ಕೂತು ನೋಡಿತು.

ಇವಳು ಓಡಿ ಬಂದು ಮೊದಲು ನನ್ನನ್ನು ನೋಡಿದಳು, ಆಮೇಲೆ ಕುಂಡಗಳನ್ನು ನೋಡಿದಳು. ನನಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಬಾಯಿ ತೆರೆದಳು.

"ಇದು ಯಾರು ಒಡೆದದ್ದು?"

"ಎಡಗಡೆ ಡಿಸ್ಕು."

"ಎಡಗಡೆ ಯಾರದು?"

"ಅವರದು."

"ಹಾಗಾದ್ರೆ ಅವರಿಗೇ ಫೋನ್ ಮಾಡಿ. ಬಂದು ಗುಡಿಸ್ಲಿ."

ಕೋಪದಲ್ಲಿ ಅಂದದ್ದು ಎಂದು ಆಮೇಲೆ ಹೇಳಿದಳು. ನಾನು ಆಗಲೇ ಫೋನ್ ಮಾಡಿಬಿಟ್ಟಿದ್ದೆ.

ಷಡ್ಡಕ ಬಿಳಿ ಕೋಟಿನಲ್ಲೇ ಬಂದ, ಮಾಸ್ಕು ಗಲ್ಲಕ್ಕೆ ನೇತಾಡುತ್ತಿತ್ತು. "ಒಬ್ಬರ ದವಡೆ ಮರಗಟ್ಟಿಸಿ ಕೂರ್ಸಿ ಬಂದಿದೀನಿ ಭಾವ, ಬೇಗ ಹೇಳಿ, ಎಲ್ಲಿ ನೋವು?" ಅಂದ. ನನಗೆ ಎಲ್ಲೂ ನೋವಿಲ್ಲ ಅಂದೆ. ಕಣ್ಣು, ಕುತ್ತಿಗೆ ಎಲ್ಲ ನೋಡಿ, ಬಾಯಿ ತೆರೆಸಿ ಹಲ್ಲೂ ನೋಡಿದ. ಆಮೇಲೆ ಬಲಚಕ್ರದ ಹತ್ತಿರ ಕೂತು, "ಇವತ್ತು ಮುಟ್ಟಬಹುದಾ?" ಎಂದು ಕೇಳಿದ. ಒಪ್ಪಿಗೆ ಕೇಳಿದ್ದು ನೋಡಿ ಹೂಂ ಅಂದುಬಿಟ್ಟೆ.

ಚಕ್ರ ಬಿಚ್ಚಿದೆವು. ಅವನು ಜೇಬಿನಿಂದ ಹಲ್ಲಿನ ಹುಳುಕು ಹುಡುಕುವ ಸಣ್ಣ ಕೊಕ್ಕೆ ತೆಗೆದು ಡಿಸ್ಕಿನ ಮೇಲೆ ಒಳಗಿನಿಂದ ಅಂಚಿನ ಕಡೆಗೆ ಎಳೆದುಕೊಂಡು ಬಂದ. ಅಂಚಿನ ಹತ್ತಿರ ಟಕ್ ಎಂದು ನಿಂತಿತು. ನನ್ನ ಬೆರಳು ಹಿಡಿದು ಅಲ್ಲಿ ಇಟ್ಟ. ಮೆಟ್ಟಿಲಿನಂತೆ ಎದ್ದಿತ್ತು.

"ಅಳತೆ ಎಲ್ಲಿ ತಗೊಂಡ್ರಿ?"

"ಅಂಚಲ್ಲಿ."

"ಅಂಚಿಗೆ ಪ್ಯಾಡ್ ತಾಗೋದೇ ಇಲ್ವಲ್ಲ ಭಾವ. ಅದು ಕೊಂಡ ದಿನ ಹೇಗಿತ್ತೋ ಇವತ್ತೂ ಹಾಗೇ ಇರತ್ತೆ. ಸವೆದಿರೋದು ಒಳಗೆ."

ನಗುತ್ತಾನೆ ಎಂದು ಕಾದೆ. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಜಗಳವಾಡಬಹುದಿತ್ತು. ಕಾರಿನಲ್ಲೇ ಇದ್ದ ವರ್ನಿಯರ್ ತೆಗೆದು, ಅದು ಅಂಚಿನ ಮೆಟ್ಟಿಲಿಗೆ ತಗಲದ ಹಾಗೆ ಎರಡು ಕಡೆಯೂ ಚೌಕಟ್ಟಿನ ಒಂದೊಂದು ಗಾಜಿನ ಚೂರು ಇಟ್ಟು ಒಳಗಿನ ದಪ್ಪ ಅಳೆದು, ಗಾಜಿನ ದಪ್ಪ ಕಳೆದೆ. ಕೆತ್ತಿದ ಅಂಕಿಗಿಂತ ಕೆಳಗಿದೆ. ಎಷ್ಟು ಕೆಳಗೆ ಎಂದು ಇಲ್ಲಿ ಬರೆಯುವುದಿಲ್ಲ. ಇಷ್ಟು ದಿನ ನಾನು ದಿನವೂ ಅಳೆದು ಬೀಗಿದ್ದು ಯಾರೂ ಮುಟ್ಟದ ಅಂಚನ್ನು.

"ನೀವು ಒಂದೇ ಕಡೆ ಹಾಕ್ಸಿದ್ದು ಯಾವ ಬುದ್ಧಿವಂತಿಕೆ?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ.

"ನೀವೇ ಅಂದ್ರಲ್ಲ, ಬೆರಳು ಸೋಕಿಸ್ಬೇಡಿ ಅಂತ. ನನಗೂ ರೋಷ ಬಂತು. ಒಂದು ಹಾಕಿಸಿದ್ರೆ ಅರ್ಧ ಅಪಾಯ ಕಮ್ಮಿ ಆಗತ್ತೆ ಅಂದ್ಕೊಂಡೆ. ಜಾಸ್ತಿ ಆಗತ್ತೆ ಅಂತ ಗೊತ್ತಾಗ್ಲಿಲ್ಲ."

ಇಬ್ಬರೂ ಸೇರಿ ಕುಂಡದ ಚೂರು ಗುಡಿಸಿದೆವು. ಅವನ ಬಿಳಿ ಕೋಟು ಮಣ್ಣುಪಾಲಾಯಿತು. ದವಡೆ ಮರಗಟ್ಟಿದವರು ಫೋನ್ ಮಾಡಿ ಏನೋ ಹೇಳಿದರು, ಅರ್ಥವಾಗಲಿಲ್ಲ.

ಜೂನ್ ೧೯, ಗುರುವಾರ

ಜ್ವರ ಬಿಟ್ಟಿದೆ. ಮಾವ ಎದ್ದು ಕೂತು ಗಂಜಿ ಕುಡಿದು, ಉಪ್ಪು ಸಾಲದು ಎಂದು ಬೈದರು. ಅಷ್ಟು ಹಿತವಾದ ಬೈಗುಳ ನಾನು ಕೇಳಿಲ್ಲ. ಬೆಂಚಿಗೆ ಬಂದು ಕೂತಾಗ ಕಣ್ಣಲ್ಲಿ ನೀರು ಬಂತು. ಷಡ್ಡಕ ಆ ಕಡೆ ತಿರುಗಿ ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಬಹಳ ಹೊತ್ತು ಓದಿದ. ಅವನೇ ಡಾಕ್ಟರು, ಅದರಲ್ಲಿ ಓದುವುದೇನಿತ್ತು?

ಭಾನುವಾರ ಬೆಳಗ್ಗೆ ಮನೆಗೆ ಕಳಿಸುತ್ತಾರೆ. ಭಾನುವಾರ ಅಂದರೆ ಕಾರು ಕೈ ಬದಲಾಯಿಸುವ ದಿನ. ನನ್ನ ವಾರ ಮುಗಿಯುವುದು ಬೆಳಗ್ಗೆಯೋ ಸಂಜೆಯೋ ಎಂದು ಯಾವತ್ತೂ ತೀರ್ಮಾನವಾಗಿಲ್ಲ. ಸಂಜೆ ಎಂದು ನಾನು. ಬೆಳಗ್ಗೆ ಎಂದು ಅವನು. ಮಾತಿಗೆ ಮಾತು ಬೆಳೆದು ಜೋರಾಯಿತು. ನರ್ಸಮ್ಮ ಹೊರಗೆ ಬಂದು ಇಬ್ಬರನ್ನೂ ಲಿಫ್ಟಿನವರೆಗೆ ಬಿಟ್ಟುಹೋದರು.

ಜೂನ್ ೨೦, ಶುಕ್ರವಾರ

ಅಂಗಡಿ ಬೇಗ ಮುಚ್ಚಿ ಷಡ್ಡಕನ ಕ್ಲಿನಿಕ್ಕಿಗೆ ಹೋದೆ. ಡಿಸ್ಕು ಎಲ್ಲಿ ಸಿಗುತ್ತದೆ ಎಂದು ಕೇಳಿ ಬಂದುಬಿಡೋಣ ಎಂದು ಅಷ್ಟೇ. ಕಾಯುವ ಕೋಣೆಯಲ್ಲಿ ಒಬ್ಬರು ಕೆನ್ನೆ ಹಿಡಿದುಕೊಂಡು ಕೂತಿದ್ದರು. ನಡುವಿನ ಮೇಜಿನ ಮೇಲೆ ಹೂದಾನಿ. ಹೂದಾನಿಯ ಕೆಳಗೆ ಹೊಳೆಯುವ ಹೊಸ ಡಿಸ್ಕು.

"ಇದೇನಿದು?"

"ಬಲಗಡೆಯದು" ಅಂದ. "ಜೋಡಿಯಾಗೇ ಮಾರೋದು, ಒಂಟಿ ಕೊಡಲ್ಲ."

"ಅಂದ್ರೆ ಇಷ್ಟು ದಿನ ಇಲ್ಲೇ ಇತ್ತಾ?"

"ನೀವು ಕೇಳಿದ್ರೆ ಕೊಡ್ತಿದ್ದೆ."

"ನೀನು ಕೊಟ್ಟಿದ್ರೆ ಕೇಳ್ತಿದ್ದೆ."

ಕೆನ್ನೆ ಹಿಡಿದುಕೊಂಡವರು ನಮ್ಮಿಬ್ಬರನ್ನೂ ನೋಡಿ, ಇನ್ನೊಂದು ದಿನ ಬರುತ್ತೇನೆ ಎಂದು ಸನ್ನೆ ಮಾಡಿ ಎದ್ದುಹೋದರು.

ಹಲ್ಲಿನ ಕುರ್ಚಿಯಲ್ಲಿ ನಾನು ಕೂತೆ, ಅವನು ತನ್ನ ಸ್ಟೂಲಿನ ಮೇಲೆ. ಆ ಕುರ್ಚಿಯಲ್ಲಿ ಒರಗಿದರೆ ಬಾಯಿ ತಾನಾಗಿ ತೆರೆಯುತ್ತದೆ, ಅದಕ್ಕೇ ಹೇಳಿಬಿಟ್ಟೆನೋ ಏನೋ. ಡಿಸ್ಕು ಹಳೆಯದಾಗಿದೆ ಎಂದು ನನಗೆ ಅನಿಸದೆ ಇರಲಿಲ್ಲ ಅಂದೆ. ಪೆಡಲು ನಡುಗಿದ್ದು ಗೊತ್ತಿತ್ತು. ಆದರೆ ಮಾವ ವಾಪಸ್ ಬರುವವರೆಗೆ ಅವರು ಬಿಟ್ಟುಹೋದದ್ದೆಲ್ಲ ಇದ್ದ ಹಾಗೇ ಇರಲಿ ಎನಿಸುತ್ತಿತ್ತು. ಅವರದೊಂದು ವಸ್ತು ತೆಗೆದು ಹೊಸದು ಹಾಕಿಬಿಟ್ಟರೆ ಅವರು ಬರುವುದೇ ಇಲ್ಲವೇನೋ ಎಂಬ ಭಯ. ಹೇಳುವಾಗಲೇ ಪೆದ್ದುಪೆದ್ದಾಗಿ ಕೇಳಿಸಿತು.

ಅವನು ಕುರ್ಚಿಯ ದೀಪ ಆರಿಸಿದ. "ನನಗೆ ಉಲ್ಟಾ ಭಾವ. ಏನಾದ್ರೂ ಒಂದು ರಿಪೇರಿ ಮಾಡ್ಲೇಬೇಕು ಅನ್ನಿಸ್ತಿತ್ತು. ಅವರ ಜ್ವರ ನನ್ನ ಕೈಲಿರ್ಲಿಲ್ಲ. ಬ್ರೇಕ್ ಇತ್ತು."

ಬರುವಾಗ ಡಿಸ್ಕನ್ನು ನಾನೇ ಹೊತ್ತುಕೊಂಡು ಬಂದೆ. ಭಾರವಿದೆ. ಹೂದಾನಿಗೆ ಬೇರೇನಾದರೂ ಮಾಡಿಕೊಡಬೇಕು. ಅಂಗಡಿಯಲ್ಲಿ ತೇಗದ ತುಂಡೊಂದು ಬಿದ್ದಿದೆ.

ಜೂನ್ ೨೧, ಶನಿವಾರ

ಗ್ಯಾರೇಜಿನಲ್ಲಿ ಇಡೀ ದಿನ. ಬಲಗಡೆಗೆ ಹೊಸ ಡಿಸ್ಕು, ಎರಡೂ ಕಡೆಗೆ ಹೊಸ ಪ್ಯಾಡು. ಗ್ಯಾರೇಜಿನವನು ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು, "ಇವತ್ತು ಪೂರ್ತಿ ಕಾರು ಬಂತಾ?" ಅಂದ. ತಲೆಹರಟೆ.

ಹೊಸದು ಹಾಕಿದ ಕೂಡಲೇ ನಂಬಿ ಇಳಿಜಾರಿಗೆ ಹೋಗುವ ಹಾಗಿಲ್ಲವಂತೆ. ಡಿಸ್ಕಿಗೂ ಪ್ಯಾಡಿಗೂ ಹೊಂದಾಣಿಕೆ ಆಗಬೇಕು. "ಖಾಲಿ ರಸ್ತೆಯಲ್ಲಿ ವೇಗ ಹಿಡೀರಿ, ಹದವಾಗಿ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸ್ಬೇಡಿ. ಮತ್ತೆ ಹಿಡೀರಿ, ಮತ್ತೆ ಇಳಿಸಿ. ಬಿಸಿ ಆರೋವರೆಗೆ ಓಡಿಸ್ತಾನೇ ಇರಿ" ಅಂದ. ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಮಾಡಿಬಿಡಬೇಕು. ಇದನ್ನು ಒಬ್ಬನ ಕೈಗೆ ಬಿಡಲು ಇಬ್ಬರಿಗೂ ಧೈರ್ಯವಿಲ್ಲ. ಜೊತೆಗೇ ಹೋಗುವುದು ಎಂದಾಯಿತು.

ಜೂನ್ ೨೨, ಭಾನುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಷಡ್ಡಕ ನಮ್ಮಲ್ಲಿಗೇ ಬಂದ. ನಾನು ಸ್ಟೀರಿಂಗಿಗೆ, ಅವನು ಪಕ್ಕಕ್ಕೆ. ಹೊರವರ್ತುಲ ರಸ್ತೆ ಖಾಲಿ ಇತ್ತು. ವೇಗ ಹಿಡಿದೆ, ಇಳಿಸಿದೆ, ಮತ್ತೆ ಹಿಡಿದೆ. ಪ್ರತಿ ಸಲ ಅವನು "ಮೆತ್ತಗೆ, ಮೆತ್ತಗೆ, ಬಿಡಿ ಈಗ" ಎನ್ನುತ್ತಿದ್ದ, ಹಲ್ಲು ಕೀಳುವಾಗ ಹೇಳುತ್ತಾನಲ್ಲ, ಅದೇ ಧಾಟಿ. ಮೊದಮೊದಲು ಕರಕರ ಎನ್ನುತ್ತಿದ್ದ ಬ್ರೇಕು ಬರಬರುತ್ತಾ ಸದ್ದು ಬಿಟ್ಟಿತು. ಎಲ್ಲೂ ನಿಲ್ಲಿಸುವ ಹಾಗಿಲ್ಲವಲ್ಲ, ಹಾಗಾಗಿ ಸುತ್ತುತ್ತಾ ಮಾತು ಹೊರಟಿತು. ಅವನು ಮದುವೆಗೆ ಹೆಣ್ಣು ನೋಡಲು ಬಂದ ದಿನ ನನ್ನನ್ನೇ ಮಾವ ಎಂದುಕೊಂಡು ಕಾಲಿಗೆ ನಮಸ್ಕಾರ ಮಾಡಿದ್ದನಂತೆ. ನನ್ನ ಕೂದಲು ಆಗಲೇ ನೆರೆತಿತ್ತು. ಆಗಿನಿಂದ ನನ್ನ ಮುಖ ನೋಡಲು ಅವನಿಗೆ ನಾಚಿಕೆಯಂತೆ. ನಾನು ಅದನ್ನು ಜಂಬ ಅಂದುಕೊಂಡಿದ್ದೆ. ನಕ್ಕು ನಕ್ಕು ಎರಡು ಸುತ್ತು ಹೆಚ್ಚು ಹೊಡೆದೆವು.

ಗಡಿಯಾರ ನೋಡಿದರೆ ಹೊತ್ತಾಗಿಹೋಗಿತ್ತು. ಅಲ್ಲಿಂದಲೇ ನೇರ ಆಸ್ಪತ್ರೆಗೆ ತಿರುಗಿಸಿದೆ.

ಬಾಗಿಲಲ್ಲಿ ಮಾವ ಗಾಲಿಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಒಂದು ಪಕ್ಕದಲ್ಲಿ ಇವಳು, ಇನ್ನೊಂದು ಪಕ್ಕದಲ್ಲಿ ನಾದಿನಿ, ಹಿಂದೆ ನರ್ಸಮ್ಮ. ನಾನು ಕಾರನ್ನು ಅವರ ಕಾಲ ಬುಡಕ್ಕೇ ತಂದು ನಿಲ್ಲಿಸಿದೆ. ಎಷ್ಟು ನುಣುಪಾಗಿ ನಿಂತಿತು ಎಂದರೆ ನನಗೇ ಹೆಮ್ಮೆಯಾಯಿತು. ನಾನು ಬಲಗಡೆಯಿಂದ ಇಳಿದೆ, ಷಡ್ಡಕ ಎಡಗಡೆಯಿಂದ ಇಳಿದ. ಇಬ್ಬರೂ ಒಟ್ಟಿಗೆ, "ಬನ್ನಿ ಮಾವ, ಹೋಗೋಣ" ಅಂದೆವು.

ಮಾವ ಮಂಜು ಕಣ್ಣಿನಲ್ಲಿ ನನ್ನನ್ನು ನೋಡಿದರು. ಅವನನ್ನು ನೋಡಿದರು. ಕಾರನ್ನು ನೋಡಿದರು.

"ನಾನೆಲ್ಲಿ ಕೂರ್ಲಿ?" ಅಂದರು.

ಇಡೀ ತಿಂಗಳು ಒಂದು ಕಾರನ್ನು ಎರಡು ಮಾಡಿ ನೋಡಿದವರು ನಾವು. ಅದಕ್ಕೆ ಇರುವುದೇ ಎರಡು ಸೀಟು ಎಂಬುದು ಬೆಳಗಿನಿಂದ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಷಡ್ಡಕನ ಮುಖ ಪೆಚ್ಚಾಯಿತು. ನನ್ನದು ಹೇಗಿತ್ತೋ, ಕನ್ನಡಿ ಇರಲಿಲ್ಲ. ನಾದಿನಿ ಗೋಡೆಗೆ ತಿರುಗಿ ಭುಜ ಕುಲುಕಿಸುತ್ತಾ ನಿಂತಳು. ಇವಳು ಅಷ್ಟು ಮರ್ಯಾದೆಯನ್ನೂ ಉಳಿಸಲಿಲ್ಲ, ಎದುರಿಗೇ ನಕ್ಕಳು.

"ನಾನು ಬಸ್ಸಲ್ಲಿ ಬರ್ತೀನಿ" ಎಂದ ಷಡ್ಡಕ.

"ಬೇಡ, ನೀನು ಕರ್ಕೊಂಡು ಹೋಗು, ನಾನು ಬಸ್ಸಲ್ಲಿ ಬರ್ತೀನಿ" ಅಂದೆ ನಾನು.

"ನಿಮ್ಮ ವಾರ ಸಂಜೆವರೆಗೆ ಇದೆ ಭಾವ."

"ಬೆಳಗ್ಗೆಗೇ ಮುಗೀತು ಅಂತ ನೀನೇ ಅಂದಿದ್ದೆ."

ಇದು ಎಲ್ಲಿಯವರೆಗೆ ಹೋಗುತ್ತಿತ್ತೋ, ನರ್ಸಮ್ಮ ಮುಂದೆ ಬಂದು ಕಾರಿನೊಳಗೆ ಬಗ್ಗಿ ನೋಡಿದರು. "ಇದ್ರಲ್ಲಾ? ಹೊಸ ಕೀಲು ಹಾಕ್ಸಿಕೊಂಡವರು ಇಷ್ಟು ತಗ್ಗು ಸೀಟಲ್ಲಿ ಕೂರೋ ಹಾಗೇ ಇಲ್ಲ. ಕೀಲು ಕಳಚ್ಕೊಳ್ಳತ್ತೆ. ನಿಮಗ್ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ, ಏಕೆಂದರೆ ನಾವು ಕೇಳಿರಲಿಲ್ಲ. ಡಿಸ್ಕಿನ ದಪ್ಪ ಕೇಳಿದೆವು, ವಾರ ಯಾರದೆಂದು ಕೇಳಿದೆವು. ಸೊಂಟದ ಬಗ್ಗೆ ಕೇಳಲೇ ಇಲ್ಲ.

ಮಾವ ಕಾರಿನತ್ತ ಕೈ ಚಾಚಿದರು. ಬಾಗಿಲಿನ ಮೇಲೆ ಕೈ ಇಟ್ಟು ಸವರಿದರು. ಅವರಿಗೆ ಬೇಜಾರಾಯಿತು ಎಂದು ಗೊತ್ತಾಯಿತು. ಆಮೇಲೆ ಕೇಳಿದರು, "ಡಿಸ್ಕ್ ಎರಡೂ ಕಡೆ ಹಾಕ್ಸಿದ್ರಾ?"

"ಎರಡೂ ಕಡೆ" ಅಂದೆವು.

"ನನಗೆ ಒಂದೇ ಕಡೆ ಹಾಕಿದಾರೆ. ನಾನೂ ಒಂದು ಕಡೆಗೆ ಎಳೀತೀನಿ" ಎಂದು, ಇವಳ ನರ್ಸರಿಯ ವ್ಯಾನಿನ ಕಡೆ ಕೈ ತೋರಿಸಿದರು. ಅದರ ಸೀಟು ಎತ್ತರ. "ನಾನು ಅದ್ರಲ್ಲಿ ಬರ್ತೀನಿ. ನೀವಿಬ್ಬರೂ ನನ್ನ ಮುಂದೆ ಹೋಗಿ. ಇಳಿಜಾರಲ್ಲಿ ಕೈ ಎತ್ತಿ ಬ್ರೇಕ್ ಒತ್ತಬೇಕು, ನಾನು ನೋಡ್ಬೇಕು."

ಹಾಗೆ ಮೆರವಣಿಗೆ ಹೊರಟಿತು. ಮುಂದೆ ನಾವು, ಹಿಂದೆ ಇವಳ ವ್ಯಾನಿನಲ್ಲಿ ಸಸಿಗಳ ನಡುವೆ ನಾದಿನಿ, ಮುಂದಿನ ಸೀಟಿನಲ್ಲಿ ರಾಜನಂತೆ ಮಾವ. ಇಳಿಜಾರು ಶುರುವಾಯಿತು. "ಎತ್ತಿ ಭಾವ" ಎಂದ ಷಡ್ಡಕ. ಎರಡೂ ಕೈ ಎತ್ತಿ ಪೆಡಲ್ ಒತ್ತಿದೆ. ಪಕ್ಕಕ್ಕೆ ನೋಡಿದರೆ ಅವನೂ ಎರಡೂ ಕೈ ಎತ್ತಿಕೊಂಡು ಕೂತಿದ್ದ, ಅವನ ಮುಂದೆ ಸ್ಟೀರಿಂಗೇ ಇಲ್ಲ. ಕಾರು ನಡುಗಲಿಲ್ಲ, ಹೊರಳಲಿಲ್ಲ, ಗೆರೆ ಎಳೆದ ಹಾಗೆ ಇಳಿಯಿತು.

ಇಳಿಜಾರಿನ ಬುಡದಲ್ಲಿ ರೈಲ್ವೆ ಗೇಟು ಹಾಕಿತ್ತು. ನಿಂತೆವು. ಹಿಂದಿನಿಂದ ಮಾವ ಕಿಟಕಿಯಲ್ಲಿ ಕೈ ಹಾಕಿ ಕರೆದರು. ಇಳಿದು ಓಡಿದೆ, ನೋವಾಯಿತೇನೋ ಎಂದು.

ಅವರ ಕೆನ್ನೆ ಒದ್ದೆಯಾಗಿತ್ತು. "ಕಣ್ಣು ಮಂಜು, ಆದ್ರೂ ಎರಡು ಕೆಂಪು ದೀಪ ಒಟ್ಟಿಗೆ ಹತ್ತಿದ್ದು ಕಾಣಿಸ್ತು" ಅಂದರು. "ಇಷ್ಟು ವರ್ಷ ಓಡಿಸಿದ್ದು ನಾನೇ. ಅದು ಹೋಗೋದು ಹೇಗೆ ಕಾಣತ್ತೆ ಅಂತ ಒಂದು ದಿನವೂ ನೋಡಿರ್ಲಿಲ್ಲ ನೋಡು. ಬಹಳ ಚೆನ್ನಾಗಿದೆ ಕಣೋ."

ಅವರ ಕೈ ಹಿಡಿದುಕೊಂಡೆ. ಬಿಸಿ ಇರಲಿಲ್ಲ.

ಗೇಟು ತೆಗೆಯಿತು, ಹಿಂದಿನವರೆಲ್ಲ ಹಾರ್ನ್ ಹೊಡೆದರು. ನಾನು ವಾಪಸ್ ಓಡುವಷ್ಟರಲ್ಲಿ ಷಡ್ಡಕ ಸ್ಟೀರಿಂಗಿಗೆ ಸರಿದುಕೊಂಡು ಕಾರು ಶುರು ಮಾಡಿದ್ದ. ಎಡಗಡೆ ಹತ್ತಿ ಕೂತೆ. ಎಡಗಡೆಯ ಸೀಟು ನನ್ನದಕ್ಕಿಂತ ಮೆತ್ತಗಿದೆ. ಇದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಜೂನ್ ೨೪, ಮಂಗಳವಾರ

ಮಾವ ಕೋಲು ಹಿಡಿದು ಬಾಗಿಲವರೆಗೆ ನಡೆದರು. ಬಲಗಡೆಗೆ ಎಳೆಯುತ್ತಾರೆ, ನಿಜ.

ಷಡ್ಡಕ ಬೆಳಗ್ಗೆ ಬಂದು ತಿಂಡಿ ತಿಂದು, ತೇಗದ ಹೂದಾನಿ ಮಣೆ ತೆಗೆದುಕೊಂಡು ಹೋದ. ಅವನ ವಾರವೇ ಆದರೂ ಕಾರನ್ನು ಇಲ್ಲೇ ಬಿಟ್ಟಿದ್ದಾನೆ. ಸಂಜೆ ಮತ್ತೆ ಬರುತ್ತಾನೆ. ಹಳೆಯ ಡಿಸ್ಕುಗಳನ್ನು ಏನು ಮಾಡಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ, ಕೂತು ಮಾತಾಡಬೇಕು.

ಮಧ್ಯಾಹ್ನ ಬಿಡುವಿತ್ತು ಎಂದು ಕಾರು ತೊಳೆದೆ. ಯಾಕೋ ಎಂದಿಗಿಂತ ಬಹಳ ಹೊತ್ತು ಹಿಡಿಯಿತು, ನೀರೂ ಎರಡರಷ್ಟು ಬೇಕಾಯಿತು. ವಯಸ್ಸಾಗುತ್ತಿದೆಯೋ ಏನೋ.